ಅಪ್ಪ ಮೀನು ಬಿಟ್ಟಿದ್ದು

ನಮ್ಮ ಅಪ್ಪ ಮೀನು ಬಿಟ್ಟ ಎಂಬ ಸುದ್ದಿ ನೆಂಟರಲ್ಲಿ ಹಬ್ಬಿದಾಗ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರು. ಮೀನು ತಿನ್ನುವುದನ್ನೇ ಬಿಟ್ಟಿದ್ದಾನೆ ಎಂದು ಕೆಲವರು ತಿಳಿದರು. ಇನ್ನು ಕೆಲವರು ಕೆರೆಗೆ ಮೀನು ಮರಿ ತಂದು ಬಿಟ್ಟಿದ್ದಾನೆ ಎಂದುಕೊಂಡು, ಅವು ಯಾವಾಗ ಬಲಿಯುತ್ತವೆ ಎಂದು ವಿಚಾರಿಸತೊಡಗಿದರು. ನಿಜ ಏನೆಂದರೆ, ಅಪ್ಪ ಗಾಳಕ್ಕೆ ಬಿದ್ದ ಮೀನನ್ನು ಬಿಡಿಸಿ ವಾಪಸ್ಸು ನೀರಿಗೆ ಬಿಡುತ್ತಿದ್ದ. ಇದನ್ನು ಮಾತ್ರ ಯಾರೂ ಊಹಿಸಲಿಲ್ಲ. ತಲೆ ನೆಟ್ಟಗಿರುವವರು ಅಂಥ ಕೆಲಸ ಮಾಡುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ವಿಷಯ. ಅಪ್ಪನಿಗೂ ಗೊತ್ತಿತ್ತು.

ನಮ್ಮ ಮನೆ ಮಹದೇವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಈಗ ಅದನ್ನು ಹಳ್ಳಿ ಎಂದರೆ ಬಾಡಿಗೆಗೆ ಬಂದವರು ನಗುತ್ತಾರೆ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಿತ್ತಿಲ ಬಾಗಿಲು ತೆಗೆದರೆ ರಾಗಿ ಹೊಲ, ಅದರಾಚೆ ಕೆರೆ ಏರಿ. ಅಪ್ಪ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ನಾನು ಪಿಯುಸಿ ಮುಗಿಸಿ ಗಾರ್ಮೆಂಟ್ಸ್ ಸೇರಿದ್ದೆ; ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕುವ ಚೆಕ್ಕಿಂಗ್ ಕೆಲಸ. ದಿನವಿಡೀ ತಪ್ಪು ಹುಡುಕಿ ಮನೆಗೆ ಬಂದ ಮೇಲೂ ಇವಳಿಗೆ ಆ ಚಾಳಿ ಹೋಗುವುದಿಲ್ಲ ಎಂದು ಅಮ್ಮ ದೂರುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ಆದರೆ ಭಾನುವಾರದ ಅಪ್ಪನಲ್ಲಿ ಮಾತ್ರ ನನಗೆ ಒಂದು ಹೊಲಿಗೆಯೂ ತಪ್ಪಿದಂತೆ ಕಾಣುತ್ತಿರಲಿಲ್ಲ.

ಭಾನುವಾರ ಬೆಳಕು ಹರಿಯುವ ಮುಂಚೆ ಅಪ್ಪ ಎದ್ದು ಹಿಂದಿನ ರಾತ್ರಿಯ ಮುದ್ದೆಯಲ್ಲಿ ಉಳಿದದ್ದನ್ನು ತೌಡಿನ ಜೊತೆ ನಾದುತ್ತಿದ್ದ. ಅದು ಮೀನಿನ ಊಟ. ಬಿದಿರಿನ ಕೋಲು, ತಂಗೂಸಿ ದಾರ, ಅದಕ್ಕೆ ಕಟ್ಟಿದ ಬೆಂಡು. ಬೆಂಡಿಗೆ ಹವಾಯಿ ಚಪ್ಪಲಿಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ ಎಂದು ಅಪ್ಪ ನಂಬಿದ್ದ, ಹಾಗಾಗಿ ನಮ್ಮ ಮನೆಯಲ್ಲಿ ಯಾರ ಚಪ್ಪಲಿಯ ಹಿಮ್ಮಡಿಯೂ ಪೂರ್ತಿ ಇರುತ್ತಿರಲಿಲ್ಲ. ಅಮ್ಮ ಮದುವೆ ಮನೆಗೆ ಹೊರಟು ನಿಂತಾಗ ಚಪ್ಪಲಿಯ ಮೂಲೆ ಚೌಕಾಕಾರವಾಗಿ ಕತ್ತರಿಸಿ ಹೋಗಿದ್ದನ್ನು ಕಂಡು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಪ್ಪನದು ಒಂದು ಪದ್ಧತಿ ಇತ್ತು. ಮೊದಲು ಬಿದ್ದ ಮೀನು ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಅದು ಗಂಗಮ್ಮನದು. ಅದನ್ನು ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ಶಾಲೆಗೆ ತಡವಾಗಿ ಬಂದ ಹುಡುಗನಿಗೆ ಮೇಷ್ಟ್ರು ಹೇಳುವ ಹಾಗೆ ಗಂಭೀರವಾಗಿ ಹೇಳುತ್ತಿದ್ದ:

"ಓಗು, ನಿಮ್ಮಜ್ಜನ್ನ ಕಳ್ಸು."

ಹೇಳಿ ನೀರಿಗೆ ಬಿಟ್ಟುಬಿಡುತ್ತಿದ್ದ. ಆಮೇಲೆ ಬಿದ್ದಿದ್ದೆಲ್ಲ ನಮ್ಮದು. ಅಜ್ಜ ಎಂದೂ ಬರಲಿಲ್ಲ. ಮೊಮ್ಮಕ್ಕಳು, ಮರಿಮಕ್ಕಳೇ ಬರುತ್ತಿದ್ದವು. ಜಿಲೇಬಿ ಮೀನು, ಆಗೊಮ್ಮೆ ಈಗೊಮ್ಮೆ ಅಂಗೈ ಮೀರಿದ ಗೆಂಡೆ. ಅವುಗಳ ಕಿವಿರಿಗೆ ಕೆರೆಯಂಚಿನ ಆಪು ಹುಲ್ಲಿನ ಕಡ್ಡಿ ಪೋಣಿಸಿ, ಹಿತ್ತಿಲ ಹತ್ತಿರದ ದಾರಿ ಇದ್ದರೂ ಅದನ್ನು ಬಿಟ್ಟು, ಬಸ್‌ಸ್ಟಾಪು, ಟೀ ಅಂಗಡಿ, ಅಶ್ವತ್ಥಕಟ್ಟೆ ಎಲ್ಲವನ್ನೂ ಸುತ್ತಿಕೊಂಡು ಅಪ್ಪ ಮನೆಗೆ ಬರುತ್ತಿದ್ದ. ದಾರಿಯುದ್ದಕ್ಕೂ ಜನ ಬಿತ್ತಾ ಎಂದು ಕೇಳಬೇಕು, ಅಪ್ಪ ಮಾತಾಡದೆ ಕೈ ಸ್ವಲ್ಪ ಮೇಲೆತ್ತಬೇಕು. ಅವನ ಜಂಬವೆಲ್ಲ ಅಷ್ಟೇ. ಮಿಕ್ಕ ಆರು ದಿನ ಆ ಮನುಷ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಅಮ್ಮ ಒಲೆ ಬೂದಿ ಹಾಕಿ ಕಲ್ಲಿನ ಮೇಲೆ ಮೀನನ್ನು ಉಜ್ಜುತ್ತಿದ್ದಳು, ನಾನು ನೀರು ಹೊಯ್ಯುತ್ತಿದ್ದೆ. ಹುಣಸೆಹುಳಿ ಮುಂದಾಗಿ, ಮೆಂತ್ಯದ ಪುಡಿ ಕೊನೆಗೆ ಬಿದ್ದು ಆಗುತ್ತಿದ್ದ ಆ ಸಾರಿನ ವಾಸನೆಗೆ ಪಕ್ಕದ ಮನೆಯ ಬೆಕ್ಕು ನಮ್ಮ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ನಾನು ಬೆಳೆದದ್ದು ಆ ಸಾರಿನಲ್ಲಿ. ಹೀಗೆ ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಆಮೇಲೆ ಊರಿನ ಸುತ್ತ ಕಟ್ಟಡಗಳು ಎದ್ದವು. ಅವುಗಳ ನೀರು ಎಲ್ಲಿಗೆ ಹೋಗಬೇಕು, ತಗ್ಗು ಇದ್ದ ಕಡೆಗೇ ಬಂತು. ಕೆರೆಯ ಬಣ್ಣ ಬದಲಾಯಿತು, ಕೋಡಿಯ ಹತ್ತಿರ ನೊರೆ ಕಾಣಿಸಿಕೊಂಡಿತು. ಒಂದು ಭಾನುವಾರ ಸಾರು ಕುದಿಯುವಾಗ ಅಮ್ಮ ಮುಚ್ಚಳ ತೆಗೆದವಳು ಹಾಗೇ ನಿಂತಳು. ನಾನೂ ಮೂಸಿದೆ. ಬಟ್ಟೆ ನೆನೆಸಿದ ಬಕೆಟ್ಟಿನ ವಾಸನೆ. ಅಪ್ಪ ಮಾತ್ರ ಏನೂ ಇಲ್ಲ, ನಿಮ್ಮ ಮೂಗಿಗೆ ಶೀತ ಎಂದು ವಾದಿಸಿ ಒಂದು ತುಂಡು ಬಾಯಿಗಿಟ್ಟ. ಅವನ ಮುಖ ನೋಡಿದ ಮೇಲೆ ಯಾರೂ ಏನೂ ಹೇಳುವ ಅಗತ್ಯ ಬೀಳಲಿಲ್ಲ. ಗೋಡೆಯ ಮೇಲಿದ್ದ ಬೆಕ್ಕಿಗೆ ಹಾಕಿದರೆ ಅದೂ ಮೂಸಿ ಇಳಿದು ಹೋಯಿತು. ಅಮ್ಮ ಪಾತ್ರೆಯನ್ನು ನುಗ್ಗೆ ಮರದ ಬುಡಕ್ಕೆ ಸುರಿದು ಬಂದು ತೀರ್ಪು ಕೊಟ್ಟಳು:

"ಇನ್ಮೇಲೆ ಆ ಕೆರೆ ಮೀನು ಈ ಮನೆ ಒಸ್ಲು ದಾಟಂಗಿಲ್ಲ."

ಅಪ್ಪ ಕೋಲನ್ನು ಅಟ್ಟಕ್ಕೆ ಹಾಕಿದ. ಅಲ್ಲಿಂದ ನಮ್ಮ ಭಾನುವಾರಗಳ ಕಷ್ಟ ಶುರುವಾಯಿತು. ಕೆಲಸವಿಲ್ಲದ ಅಪ್ಪ ಮನೆಯಲ್ಲಿ ಕೆಟ್ಟಿಲ್ಲದ ಸಾಮಾನುಗಳನ್ನು ರಿಪೇರಿ ಮಾಡಲು ಕೂತ. ಮಿಕ್ಸಿ ಬಿಚ್ಚಿದ, ಜೋಡಿಸಿದ ಮೇಲೆ ಅದು ಉಲ್ಟಾ ತಿರುಗಿ ಚಟ್ನಿಯನ್ನು ಮುಚ್ಚಳಕ್ಕೆ ಎರಚಿತು. ಸಾರಿನ ಉಪ್ಪಿನಲ್ಲಿ, ಸೊಪ್ಪು ಹೆಚ್ಚುವ ರೀತಿಯಲ್ಲಿ, ಅಮ್ಮ ಬಟ್ಟೆ ಒಣಹಾಕುವ ಕ್ರಮದಲ್ಲಿ ತಪ್ಪು ಹುಡುಕತೊಡಗಿದ. ತಪ್ಪು ಹುಡುಕುವುದು ನನ್ನ ಕಸುಬು, ಮನೆಯಲ್ಲಿ ಇಬ್ಬಿಬ್ಬರು ಚೆಕ್ಕಿಂಗಿನವರು ಆದರೆ ಯಾರು ತಡೆಯುತ್ತಾರೆ? ಕೊನೆಗೆ ಅಮ್ಮನೇ ಅಟ್ಟ ಹತ್ತಿ ಕೋಲು ಇಳಿಸಿ ಕೊಟ್ಟಳು. ಕೆರೆಗೆ ಹೋಗು, ಸಂಜೆತನಕ ಬರಬೇಡ, ಬರುವಾಗ ಮೀನು ಮಾತ್ರ ತರಬೇಡ ಎಂದಳು.

ತರದಿದ್ದರೆ ಹಿಡಿದು ಏನು ಮಾಡಲಿ ಎಂದು ಅಪ್ಪ ಕೇಳಿದ.

"ಎಲ್ಲಾನೂ ಅವ್ರಜ್ಜನ್ನ ಕರ್ಕೊಂಬರಕ್ಕೆ ಕಳ್ಸು," ಎಂದಳು ಅಮ್ಮ.

ಹೀಗೆ ಅಪ್ಪ ಮೀನು ಬಿಡತೊಡಗಿದ. ಯಾವ ದಯೆ ಧರ್ಮವೂ ಅಲ್ಲ, ಅಡುಗೆಮನೆಯ ಆಜ್ಞೆ. ಮೊದಮೊದಲು ಅವನಿಗೆ ಅದು ದೊಡ್ಡ ಅವಮಾನವಾಗಿತ್ತು. ಹಿಡಿದದ್ದನ್ನು ತಿನ್ನಬೇಕು, ಇಲ್ಲವೇ ಹಿಡಿಯಲೇಬಾರದು. ಉಂಡು ಮಲಗಿದವನನ್ನು ಸುಮ್ಮನೆ ಎಬ್ಬಿಸಿ ಏನೂ ಇಲ್ಲ ಮಲಗು ಎಂದ ಹಾಗೆ ಇದು ಎಂದು ಗೊಣಗುತ್ತಿದ್ದ. ಮನೆಗೆ ಬರುವಾಗ ಈಗ ಹಿತ್ತಿಲ ದಾರಿ ಹಿಡಿದ. ಬಸ್‌ಸ್ಟಾಪಿನವರಿಗೆ ಬರಿಗೈ ತೋರಿಸುವ ಧೈರ್ಯ ಅವನಿಗಿರಲಿಲ್ಲ.

ಈ ಹೊತ್ತಿಗೇ ಕೆರೆ ಏರಿಯ ಮೇಲೆ ಟೋಪಿಯವರೊಬ್ಬರು ಕಾಣಿಸಿಕೊಂಡರು. ಕೆರೆಯಾಚೆ ಎದ್ದ ಅಪಾರ್ಟ್‌ಮೆಂಟಿನವರು, ಬಂಗಾಳದ ಕಡೆಯವರು, ಅಪ್ಪನದೇ ವಯಸ್ಸು. ಅಗಲ ಅಂಚಿನ ಟೋಪಿ, ರೀಲು ಸುತ್ತಿದ ಹೊಳೆಯುವ ಕಡ್ಡಿ, ಕೂರಲು ಮಡಿಸುವ ಕುರ್ಚಿ. ಅಪ್ಪ ಮೊದಲ ದಿನ ಬಂದು, ಯಾರೋ ಸೈಕಲ್ ಪಂಪು ತಂದು ಮೀನು ಹಿಡಿಯುತ್ತಾ ಕೂತಿದ್ದಾರೆ ಎಂದು ನಕ್ಕ. ಎರಡನೆಯ ವಾರ ಆ ಟೋಪಿಯವರೂ ಹಿಡಿದ ಮೀನನ್ನು ಬಿಟ್ಟರಂತೆ. ಅದೂ ಹೆಂಡತಿಯ ಭಯದಿಂದಲ್ಲ, ಅವರಿಷ್ಟದಿಂದ. ಅಪ್ಪನ ಮುಖ ಅಂದು ಎಷ್ಟು ಹಗುರಾಗಿತ್ತೆಂದರೆ, ಅಮ್ಮ ಕುಡಿದು ಬಂದಿದ್ದಾನೇನೋ ಎಂದು ಹತ್ತಿರ ಹೋಗಿ ಮೂಸಿ ನೋಡಿದಳು.

ಟೋಪಿಯವರಿಗೆ ಕನ್ನಡ ಅಷ್ಟಕ್ಕಷ್ಟೇ, ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಅಷ್ಟಕ್ಕಷ್ಟೇ. ಅವರು ಇವನನ್ನು ಅಣ್ಣ ಎನ್ನುತ್ತಿದ್ದರು, ಇವನು ಅವರನ್ನು ಸಾರ್ ಎನ್ನುತ್ತಿದ್ದ. ತಿನ್ನುವುದಕ್ಕೆ ಅಂಗಡಿ ಮೀನು, ನೆಮ್ಮದಿಗೆ ಕೆರೆ ಮೀನು ಎಂಬುದು ಅವರ ಲೆಕ್ಕ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಹೋಗಿ ಸಾಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಮೀನು ಜಾರದಂತೆ ತಡೆಯುವ ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಸಪಾಟು ಮಾಡಿದರೆ ಬಾಯಿ ಹರಿಯದೆ ಬಿಡಿಸಬಹುದು ಎಂದೂ ಹೇಳಿದರು. ಅಪ್ಪನಿಗೆ ಇಕ್ಕಳ ಸಿಕ್ಕಿದರೆ ಕೇಳಬೇಕೇ? ಒಂದೇ ಸಂಜೆ ಪೆಟ್ಟಿಗೆಯಲ್ಲಿದ್ದ ಗಾಳಗಳ ಮುಳ್ಳನ್ನೆಲ್ಲ ಒತ್ತಿ, ಅರ ಹಾಕಿ ನುಣುಪು ಮಾಡಿಟ್ಟ. ಅವರು ತಮ್ಮ ಹಳೆಯ ರೀಲಿನ ಕಡ್ಡಿಯನ್ನು ಅಪ್ಪನಿಗೆ ಕೊಟ್ಟರು. ಅಮ್ಮ ಪ್ರತಿಯಾಗಿ ಒಂದು ಡಬ್ಬಿ ಹುರಿಗಡಲೆ ಉಂಡೆ ಕಳಿಸಿದಳು. ಸೈಕಲ್ ಪಂಪು ಎಂದು ನಕ್ಕವನು ಈಗ ಅದನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ.

ಇಷ್ಟರಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಗಂಡಿನ ಮನೆ ಬೊಮ್ಮನಹಳ್ಳಿ. ನಿಶ್ಚಿತಾರ್ಥದ ದಿನ ನನ್ನ ಮಾವನವರು ಮಾತಿನ ಮಧ್ಯೆ, ನೀವು ಮೀನು ಹಿಡಿಯುವುದರಲ್ಲಿ ಗಟ್ಟಿಗರಂತೆ ಎಂದು ಅಪ್ಪನನ್ನು ಕೇಳಿದರು. ಅಪ್ಪ ಸಂಕೋಚದಿಂದ, "ಈಗ ಮೀನು ಬಿಟ್ಬುಟ್ಟಿವ್ನಿ," ಎಂದ. ಅವನು ಹೇಳಿದ್ದು ನೀರಿಗೆ ಬಿಡುವುದನ್ನು. ಮಾವ ಕೇಳಿಸಿಕೊಂಡದ್ದು ಬೇರೆ. ಅವರು ತುಂಬ ಗೌರವದಿಂದ ತಲೆಯಾಡಿಸಿದ್ದು ನನಗೆ ನೆನಪಿದೆ.

ಮದುವೆಯ ನಂತರ ಬೊಮ್ಮನಹಳ್ಳಿಯಲ್ಲಿ ಬೀಗರ ಊಟ. ನಮ್ಮ ಕಡೆ ಮದುವೆ ಊಟ ಸಪ್ಪೆ, ಬೀಗರ ಊಟವೇ ಊಟ. ಶಾಮಿಯಾನದ ಕೆಳಗೆ ಮುದ್ದೆ, ನಾಟಿಕೋಳಿ ಸಾರು, ಮಟನ್ ಚಾಪ್ಸು, ಬೋಟಿ ಗೊಜ್ಜು. ಅಪ್ಪ ಹೊಸ ಪಂಚೆ ಉಟ್ಟು ಬಂದು ಕೈ ತೊಳೆದು ನಿಂತ. ಮಾವನವರು ಓಡಿ ಬಂದು ಅವನ ಕೈ ಹಿಡಿದು, ಪಂಕ್ತಿಯನ್ನೆಲ್ಲ ದಾಟಿಸಿ, ಮೂಲೆಯಲ್ಲಿ ಪರದೆ ಕಟ್ಟಿದ್ದ ಕಡೆಗೆ ಕರೆದೊಯ್ದರು. ಅಲ್ಲಿ ಮಾಂಸ ಮುಟ್ಟದ ಇಬ್ಬರು ಮುದುಕರು, ಅಯ್ಯಪ್ಪನ ಮಾಲೆ ಹಾಕಿದ ಒಬ್ಬ ಯುವಕ ಕೂತಿದ್ದರು.

"ಬೀಗ್ರು ಮೀನು ಮಾಂಸ ಬಿಟ್ಟವ್ರೆ, ಚೆನ್ನಾಗ್ ನೋಡ್ಕೊಳ್ರಪ್ಪ," ಎಂದು ಮಾವ ಬಡಿಸುವವರಿಗೆ ಹೇಳಿದರು.

ಅಪ್ಪ ನನ್ನ ಕಡೆ ನೋಡಿದ. ನಾನು ಹೊಸ ಮದುವಣಗಿತ್ತಿ, ತಲೆ ತಗ್ಗಿಸಿ ಕೂರಬೇಕಾದವಳು, ಬಾಯಿ ತೆರೆಯುವಂತಿರಲಿಲ್ಲ. ಅವನಾದರೂ ಏನು ಹೇಳುತ್ತಾನೆ? ನಾನು ತಿನ್ನುವುದನ್ನು ಬಿಟ್ಟಿಲ್ಲ, ಭಾನುವಾರ ಇಡೀ ದಿನ ಕೂತು ಮೀನು ಹಿಡಿದು ಹಿಡಿದು ವಾಪಸ್ಸು ಬಿಡುತ್ತೇನೆ ಎಂದು ಬೀಗರ ಮುಂದೆ ಹೇಳಿದರೆ, ಹೆಣ್ಣು ಕೊಟ್ಟ ಮನೆಯಲ್ಲಿ ತಲೆ ಸರಿ ಇಲ್ಲದವನು ಎಂದು ಹೆಸರಾಗುತ್ತದೆ. ಅದಕ್ಕಿಂತ ಸಾಧುವೆಂದು ಹೆಸರಾಗುವುದೇ ಮೇಲು ಎಂದುಕೊಂಡನೇನೋ, ಪರದೆಯ ಆಚೆಯಿಂದ ಬರುತ್ತಿದ್ದ ವಾಸನೆಯಲ್ಲಿ ಕೂತು ಅನ್ನ, ತಿಳಿಸಾರು, ಹಪ್ಪಳ, ಪಾಯಸ ತಿಂದ. ಪಾಯಸವನ್ನು ಎರಡನೆಯ ಸಲ ಹಾಕಿಸಿದರು. ಅಮ್ಮ ಹೆಂಗಸರ ಪಂಕ್ತಿಯಲ್ಲಿ ಮೂಳೆ ಚೀಪುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಗಳನ್ನು ಕಳಿಸಿಕೊಡುವ ದುಃಖ ಎಂದು ನಮ್ಮತ್ತೆ ಅವಳ ಬೆನ್ನು ಸವರಿದರು.

ಅಂದಿನಿಂದ ಬೊಮ್ಮನಹಳ್ಳಿಯ ಮನೆಗೆ ಅಪ್ಪ ಯಾವಾಗ ಬಂದರೂ ಅವನಿಗೆ ಸೊಪ್ಪಿನ ಸಾರು. ನನಗೆ ಹೊಟ್ಟೆ ಉರಿಯುತ್ತಿತ್ತು, ನಗುವೂ ಬರುತ್ತಿತ್ತು. ಗಂಡನಿಗೆ ನಿಜ ಹೇಳಿದೆ. ಅವರು ನಕ್ಕು ನಕ್ಕು ಸುಸ್ತಾಗಿ, ಈಗ ಹೇಳಿದರೆ ನಮ್ಮಪ್ಪನಿಗೆ ಬೇಜಾರಾಗುತ್ತದೆ, ಎಲ್ಲರ ಮುಂದೆ ನಿಮ್ಮಪ್ಪನ ಗುಣಗಾನ ಮಾಡಿಬಿಟ್ಟಿದ್ದಾರೆ ಎಂದರು. ಹೀಗೆ ಒಂದು ಕ್ರಿಯಾಪದದ ಕಾಟಕ್ಕೆ ನಮ್ಮಪ್ಪ ಆ ಮನೆಯಲ್ಲಿ ಸಂತನಾದ.

ಮುಂದೆ ನಾನು ಬಸುರಿಯಾದೆ. ಏಳನೆಯ ತಿಂಗಳಿಗೆ ತವರಿಗೆ ಬಂದೆ. ಬಂದ ಮರುದಿನವೇ ನನಗೆ ಬಯಕೆ ಹಿಡಿಯಿತು. ಮಾವಿನಕಾಯಿ ಅಲ್ಲ, ಹುಣಸೆಹಣ್ಣೂ ಅಲ್ಲ. ಅಪ್ಪ ಹಿಡಿದ ಮೀನಿನ ಸಾರು. ನಾಲಿಗೆಯ ತುದಿಯಲ್ಲಿ ಆ ಹುಳಿ, ಮೂಗಿನಲ್ಲಿ ಮೆಂತ್ಯ. ಅಮ್ಮ ಪಾಪ, ಮಾರ್ಕೆಟ್ಟಿನಿಂದ ಸಮುದ್ರದ ಮೀನು ತರಿಸಿ ಮಾಡಿದಳು. ತಟ್ಟೆ ಹತ್ತಿರ ಬಂದೊಡನೆ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡಿದೆ. ಮಂಜುಗಡ್ಡೆಯಲ್ಲಿಟ್ಟ ಕಾಟ್ಲಾ ತಂದು ಮಾಡಿದಳು. ಒಂದು ತುತ್ತು ತಿಂದು ಅಳತೊಡಗಿದೆ. ಅಷ್ಟು ದೊಡ್ಡವಳಾಗಿ ಮೀನಿಗಾಗಿ ಅತ್ತದ್ದು ಈಗ ನೆನೆದರೆ ನಗು, ಆಗ ಮಾತ್ರ ನನಗೆ ಪ್ರಪಂಚದಲ್ಲಿ ಬೇರೇನೂ ಬೇಡವಾಗಿತ್ತು.

ಆದರೆ ಕೆರೆ ಮೀನು ಹೊಸಿಲು ದಾಟುವಂತಿಲ್ಲ. ಬಸುರಿಗೆ ಆ ನೀರಿನ ಮೀನು ಕೊಡುವುದುಂಟೇ ಎಂದು ಅಮ್ಮ ಕಡ್ಡಿ ಮುರಿದಂತೆ ಹೇಳಿದಳು. ಅವಳ ಮಾತು ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಮ್ಮಲ್ಲಿ ಇನ್ನೊಂದು ನಂಬಿಕೆ ಇದೆ: ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ನೋಡಲು ಬಂದ ಹೆಂಗಸರೆಲ್ಲ ಇದನ್ನು ಒಮ್ಮೆ ಹೇಳಿಯೇ ಹೋಗುತ್ತಿದ್ದರು. ನಾನು ನಂಬಲಿಲ್ಲ. ಅಪ್ಪ ಪೂರ್ತಿ ನಂಬಿದ. ಜೀವನವೆಲ್ಲ ಮೀನು ಹಿಡಿದವನ ಮೊಮ್ಮಗುವಿಗೆ ಮೀನಿಲ್ಲದೆ ಕಿವಿ ಸೋರಿದರೆ ತನ್ನ ಗಾಳಕ್ಕೆ ಏನು ಬೆಲೆ ಎಂದು ಅವನು ಊಟ ಸರಿಯಾಗಿ ಮಾಡದಾದ. ಆ ಭಾನುವಾರ ಕೆರೆಗೆ ಹೋದವನು ಗಾಳವನ್ನೂ ಹಾಕದೆ ಸುಮ್ಮನೆ ಕೂತಿದ್ದನಂತೆ.

ಟೋಪಿಯವರು ಏನಾಯಿತು ಎಂದು ಕೇಳಿದ್ದಾರೆ. ಅಪ್ಪ ಬಯಕೆ ಎಂದಿದ್ದಾನೆ. ಅವರಿಗೆ ಅರ್ಥವಾಗಿಲ್ಲ. ಅಪ್ಪ ಹೊಟ್ಟೆಯ ಮುಂದೆ ಕೈಯಲ್ಲಿ ದೊಡ್ಡ ಗುಂಡು ಬರೆದು, ಬಾಯಿಗೆ ತುತ್ತಿಡುವಂತೆ ತೋರಿಸಿ, ಕೆರೆಯ ಕಡೆ ಬೆರಳು ಮಾಡಿ, ಕೊನೆಗೆ ಕಿವಿ ಹಿಡಿದುಕೊಂಡನಂತೆ. ಕಿವಿಯ ಕತೆ ಅವರಿಗೆ ಎಷ್ಟು ತಿಳಿಯಿತೋ, ಉಳಿದದ್ದು ಚೆನ್ನಾಗಿ ತಿಳಿಯಿತು. ಸಂಜೆ ಅಪ್ಪನ ಜೊತೆ ಮನೆಗೇ ಬಂದರು. ನಾನು ಅವರನ್ನು ಹತ್ತಿರದಿಂದ ನೋಡಿದ್ದು ಆಗಲೇ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಮ್ಮನಿಗೆ ಹೇಳಿದರು:

"ನಮ್ಮ ಕಡೆನೂ ಇದೆ ಅಕ್ಕ. ಮಗು ಬರೋ ಮುಂಚೆ ಹುಡುಗಿಗೆ ಮೀನು ಕೊಡಬೇಕು. ತಲೆ ಸಮೇತ. ಬೇರೆ ಕೆರೆಗೆ ಹೋಗೋಣ."

ಮುಂದಿನ ಭಾನುವಾರ ಅವರ ಕಾರಿನಲ್ಲಿ ಹೊಸಕೋಟೆ ದಾಟಿ ಇನ್ನೂ ಒಳಗೆ, ಕಟ್ಟಡಗಳು ಇನ್ನೂ ಮುಟ್ಟದ ಒಂದು ಕೆರೆಗೆ ಹೋದೆವು. ಮೀನಿನ ಗುತ್ತಿಗೆ ಹಿಡಿದವರ ಹತ್ತಿರ ಅವರೇ ಮೊದಲು ಮಾತಾಡಿ ಒಪ್ಪಿಗೆ ಪಡೆದಿದ್ದರು. ನಾನೂ ಬರುತ್ತೇನೆಂದು ಹಟ ಹಿಡಿದೆ. ಬಸುರಿಯ ಹಟಕ್ಕೂ ಅದೇ ಕಿವಿಯ ಕಾನೂನು ಅನ್ವಯಿಸುತ್ತದೆ. ಅಮ್ಮ ಮನೆಯಲ್ಲೇ ಉಳಿದು ಮಸಾಲೆ ಹುರಿಯುತ್ತೇನೆಂದಳು. ಮಸಾಲೆ ಹುರಿದಿಟ್ಟು ಮೀನು ಬರದಿದ್ದರೆ ಏನು ಗತಿ ಎಂಬ ಚಿಂತೆ ಅಪ್ಪನ ಹಣೆಯ ಮೇಲೆ ದಾರಿಯುದ್ದಕ್ಕೂ ಕಾಣುತ್ತಿತ್ತು.

ನೀರು ಶುಭ್ರವಾಗಿತ್ತು, ಅಡಿಯ ಕಲ್ಲು ಕಾಣುತ್ತಿತ್ತು. ನನ್ನನ್ನು ಹೊಂಗೆ ಮರದ ಕೆಳಗೆ ಮಡಿಸುವ ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಗಾಳ ಹಾಕಿದರು. ಮೊದಲು ಅಪ್ಪನಿಗೆ ಬೆರಳುದ್ದದ ಮರಿಯೊಂದು ಬಿತ್ತು. ಪದ್ಧತಿ ತಪ್ಪಿಸುವಂತಿಲ್ಲ. ಅದನ್ನು ಮುಖದ ಹತ್ತಿರ ತಂದು ಹೇಳಿದ, ಈ ಸಲ ಮೇಷ್ಟ್ರ ಹಾಗಲ್ಲ, ಕೈಮುಗಿದು ಕೇಳುವವನ ಹಾಗೆ.

"ಓಗಪ್ಪ, ನಿಮ್ಮಜ್ಜನ್ನ ಕಳ್ಸು. ಇವತ್ತೊಂದಿನ ಕಳ್ಸು."

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಿಸಿಲು ಏರಿತು. ಒಮ್ಮೆ ಬೆಂಡು ಮುಳುಗಿ, ಕಡ್ಡಿ ಬಾಗಿ, ಮೊಳದುದ್ದದ ಮೀನೊಂದು ನೀರಿನ ಮೇಲೆ ಹೊಳೆದು ಕಂಡಿತು. ದಾರ ಒಂಚೂರು ಸಡಿಲವಾದದ್ದೇ ತಡ, ಜಾರಿ ಹೋಯಿತು. ಅಪ್ಪ ಬರಿಯ ಗಾಳವನ್ನು ಕೈಗೆ ತೆಗೆದುಕೊಂಡು ನೋಡಿದ. ಒಳಮುಳ್ಳು ಇಲ್ಲ. ಮುಳ್ಳಿರುವ ಗಾಳ ಹುಡುಕಲು ಪೆಟ್ಟಿಗೆಯನ್ನೆಲ್ಲ ಬುಡಮೇಲು ಮಾಡಿದ. ಒಂದೂ ಇಲ್ಲ, ಎಲ್ಲವನ್ನೂ ಅವನೇ ಒತ್ತಿ ನುಣುಪು ಮಾಡಿದ್ದ. ಟೋಪಿಯವರದ್ದೂ ಹಾಗೇ. ಬಿಡುವುದಕ್ಕೆಂದೇ ತಯಾರಾದ ಗಾಳಗಳನ್ನು ಹಿಡಿದು ಇಬ್ಬರೂ ಮುಖ ಮುಖ ನೋಡಿಕೊಂಡರು. ನನಗೆ ಹಸಿವೆಯೋ ನಗುವೋ ಅಳುವೋ ಗೊತ್ತಾಗದ ಸ್ಥಿತಿ.

ಮಧ್ಯಾಹ್ನ ಹೊರಡೋಣ ಎನ್ನುವ ಹೊತ್ತಿಗೆ ಅಪ್ಪನ ಬೆಂಡು ಸದ್ದಿಲ್ಲದೆ ಒಳಗೆ ಹೋಯಿತು. ಅಪ್ಪ ಎದ್ದು ನಿಂತ. ರೀಲು ಕಿರ್ರೆಂದು ಬಿಚ್ಚಿಕೊಳ್ಳತೊಡಗಿತು. ದಾರ ಸಡಿಲವಾಗಬಾರದು, ಬಿಗಿದರೆ ಹರಿಯಬಾರದು. ಮೀನು ಆಚೆ ಎಳೆದರೆ ಅಪ್ಪ ನೀರಿಗಿಳಿದ, ಈಚೆ ಬಂದರೆ ಹಿಂದೆ ಹೆಜ್ಜೆ ಇಟ್ಟು ಸುತ್ತಿದ. ಹೊಸ ಪ್ಯಾಂಟು ಸೊಂಟದವರೆಗೆ ಕೆಸರು. ಟೋಪಿಯವರು ಪಕ್ಕದಲ್ಲಿ ನಿಂತು ಅವರ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು, ಅಪ್ಪ ಅದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ನಾನು ಕುರ್ಚಿಯಿಂದ ಎದ್ದು ಹೊಟ್ಟೆ ಹಿಡಿದುಕೊಂಡು ದಡಕ್ಕೆ ಬಂದಿದ್ದೆ. ಹೊಟ್ಟೆಯೊಳಗಿನದೂ ಒದೆಯುತ್ತಿತ್ತು.

ಕೊನೆಗೆ ಅದು ದಣಿದು ಪಕ್ಕಕ್ಕೆ ಒರಗಿ ಬಂತು. ಕಾಟ್ಲಾ. ಬೆಳ್ಳಿ ಬಣ್ಣದ ಅಗಲವಾದ ಮೈ, ಅಪ್ಪನ ಮೊಣಕೈಯಿಂದ ಬೆರಳ ತುದಿಯನ್ನೂ ಮೀರಿದ ಉದ್ದ, ಮುದುಕರ ಬೊಚ್ಚುಬಾಯಿಯಂಥ ದೊಡ್ಡ ಬಾಯಿ. ಅಪ್ಪ ಕೈ ಒದ್ದೆ ಮಾಡಿಕೊಂಡ. ಗಾಳವನ್ನು ಮೆಲ್ಲಗೆ ಬಿಡಿಸಿದ. ಎರಡೂ ಕೈಯಲ್ಲಿ ಅದನ್ನು ಹೊಟ್ಟೆಯ ಕೆಳಗೆ ಆನಿಸಿ, ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿದ. ಮೀನು ಬಿಡುವ ಮುಂಚೆ ಅದಕ್ಕೆ ಉಸಿರು ಬರಲೆಂದು ಹಾಗೆ ಹಿಡಿಯುತ್ತಾರೆ.

"ಅಪ್ಪಾ, ಬಿಡ್ಬೇಡ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆ ಮೀನು ಚೆಂದವಾಗಿತ್ತು, ಅದರ ಮೇಲೆ ನನಗೆ ಕರುಣೆ ಬರಬೇಕಿತ್ತೇನೋ. ಬರಲಿಲ್ಲ. ನನಗೆ ಅದು ಬೇಕಿತ್ತು, ಅಷ್ಟೇ.

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ, ನಿದ್ದೆಯಿಂದ ಎಚ್ಚರಾದವನ ಹಾಗೆ.

"ಬಿಡಲ್ಲ ಕಣವ್ವ, ಕೈ ಅಭ್ಯಾಸ," ಎಂದ. ಮೀನನ್ನು ಎತ್ತಿ ಎದೆಗೆ ಆನಿಸಿಕೊಂಡು ಕಣ್ಣಿಗೆ ಒತ್ತಿಕೊಂಡ. "ಇವ್ನೇ ನೋಡು ಅಜ್ಜ. ಎಷ್ಟು ವರ್ಷದಿಂದ ಏಳಿ ಕಳುಸ್ತಿದ್ದೆ, ನಿನಗೋಸ್ಕರ ಬಂದವ್ನೆ."

ಊರಿಗೆ ಬಂದು ಕಾರು ಬಸ್‌ಸ್ಟಾಪಿನ ಹತ್ತಿರ ಬಂದಾಗ ಅಪ್ಪ ನಿಲ್ಲಿಸಲು ಹೇಳಿದ. ಇಳಿದು, ಕಿವಿರಿಗೆ ದಾರ ಕಟ್ಟಿದ ಆ ಮೀನನ್ನು ಹಿಡಿದು, ಟೀ ಅಂಗಡಿ, ಅಶ್ವತ್ಥಕಟ್ಟೆ ಎಲ್ಲವನ್ನೂ ಸುತ್ತಿಕೊಂಡು ನಡೆದೇ ಮನೆಗೆ ಬಂದ. ಜನ ಬಿತ್ತಾ ಎಂದು ಕೇಳಿದ್ದಕ್ಕೆ ಕೈ ಎತ್ತುವ ಅಗತ್ಯವೇ ಇರಲಿಲ್ಲ, ಅದರ ಬಾಲ ಅವನ ಮೊಣಕಾಲಿಗೆ ಬಡಿಯುತ್ತಿತ್ತು. ಟೋಪಿಯವರು ಕಾರನ್ನು ಅವನ ಹಿಂದೆ ನಡಿಗೆಯ ವೇಗದಲ್ಲಿ ಓಡಿಸಿದರು. ಹಿಂದಿನ ಸೀಟಿನಲ್ಲಿ ಕೂತ ನಾನು ದೇವರ ಮೆರವಣಿಗೆಯಲ್ಲಿ ಬಂದಂತೆ ಮನೆ ತಲುಪಿದೆ.

ಅಮ್ಮ ತಲೆಯ ತುಂಡನ್ನು ನನ್ನ ತಟ್ಟೆಗೇ ಹಾಕಿದಳು. ಹುಣಸೆಹುಳಿ, ಮೆಂತ್ಯ, ನಾನು ಬೆಳೆದ ಅದೇ ಸಾರು. ಮುದ್ದೆ ಮುರಿದು ಅದ್ದಿ ನುಂಗಿದೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು, ಟೋಪಿಯವರೂ ಸೇರಿ. ಎರಡನೆಯ ಮುದ್ದೆ ಕೇಳಿದಾಗ ಅಪ್ಪ ಎದ್ದು ಹಿತ್ತಿಲಿಗೆ ಹೋದ. ಕೈ ತೊಳೆಯುವ ನೆಪದಲ್ಲಿ ಮುಖ ತೊಳೆದುಕೊಂಡು ಬಂದ. ನನಗೆ ಅಂದು ಎಷ್ಟು ಸಂತೋಷವಾಗಿತ್ತೆಂದರೆ, ಈಗಲೂ ಮನಸ್ಸು ಕೆಟ್ಟ ದಿನ ನಾನು ಆ ತಟ್ಟೆಯನ್ನೇ ನೆನೆಯುತ್ತೇನೆ.

ಮಗಳು ಹುಟ್ಟಿದಳು. ಕಿವಿ ಗಟ್ಟಿಯಾಗಿತ್ತು, ಪಕ್ಕದ ಬೀದಿಯಲ್ಲಿ ಐಸ್‌ಕ್ರೀಮಿನ ಗಾಡಿ ಗಂಟೆ ಹೊಡೆದರೂ ಏಳುತ್ತಿದ್ದಳು. ಅವಳನ್ನು ನೋಡಲು ಬಂದ ನಮ್ಮ ಮಾವನವರಿಗೆ ಕಟ್ಟೆಯ ಮೇಲಿನವರು ಆ ಕಾಟ್ಲಾದ ಕತೆಯನ್ನು ಇನ್ನೂ ಎರಡು ಮೊಳ ಉದ್ದ ಮಾಡಿ ಹೇಳಿದ್ದರು. ಮೊಮ್ಮಗುವಿಗಾಗಿ ಬೀಗರು ವ್ರತ ಮುರಿದರಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು. ವ್ರತವೇ ಇರಲಿಲ್ಲ ಎಂದು ಯಾರೂ ಹೇಳಲಿಲ್ಲ. ಮುರಿದದ್ದು ಹೇಗೂ ಮುರಿದಾಯಿತು ಎಂದು ನಾಮಕರಣದ ಮಾರನೆಯ ದಿನ ಅವರೇ ನಿಂತು ಅಪ್ಪನಿಗೆ ಬೋಟಿ ಗೊಜ್ಜು ಬಡಿಸಿದರು.

ಬಾಣಂತನ ಮುಗಿಸಿ ಬೊಮ್ಮನಹಳ್ಳಿಗೆ ಹೊರಡುವ ಹಿಂದಿನ ಭಾನುವಾರ ಮಗುವನ್ನು ಎತ್ತಿಕೊಂಡು ನಮ್ಮ ಕೆರೆ ಏರಿಗೆ ಹೋದೆ. ನೊರೆ ಹಾಗೇ ಇತ್ತು. ಅಪ್ಪ, ಟೋಪಿಯವರು ಅಕ್ಕಪಕ್ಕ ಕೂತಿದ್ದರು. ನಾನು ಹತ್ತಿರ ಕೂರುವುದಕ್ಕೂ ಅಪ್ಪನ ಗಾಳಕ್ಕೆ ಒಂದು ಚಿಕ್ಕ ಜಿಲೇಬಿ ಮೀನು ಬೀಳುವುದಕ್ಕೂ ಸರಿಹೋಯಿತು. ಕೈ ಒದ್ದೆ ಮಾಡಿಕೊಂಡು ಬಿಡಿಸಿದ, ಮುಖದ ಹತ್ತಿರ ತಂದ. ಓಗು ಎಂದ. ಮುಂದಿನ ಮಾತು ಹೇಳಲು ಬಾಯಿ ತೆರೆದವನು ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿದ. ಅದೂ ಅವನನ್ನೇ ನೋಡುತ್ತಿತ್ತು. ಮೀನನ್ನು ನೀರಿಗೆ ಇಳಿಸುತ್ತಾ ಹೇಳಿದ:

"ಓಗು, ನಿಮ್ಮಜ್ಜ ಕಾಯ್ತಿರ್ತಾನೆ."

ಅಂದಿನಿಂದ ಇಂದಿನವರೆಗೆ ಅವನು ಹೇಳುವುದು ಅದನ್ನೇ. ಆ ಸಂಜೆ ಬರುವಾಗ ಹಿತ್ತಿಲ ದಾರಿ ಬೇಡವೆಂದು ಬಸ್‌ಸ್ಟಾಪಿನ ಮೇಲೇ ಬಂದೆವು. ಟೀ ಅಂಗಡಿಯ ಮುಂದೆ ನಿಂತಿದ್ದ ಪಕ್ಕದ ಬೀದಿಯಾಕೆ ಬಿತ್ತಾ ಎಂದು ಕೇಳಿದಳು. ಅಪ್ಪ ಬರಿಗೈಯನ್ನು ಮರೆಮಾಚದೆ, "ಬಿತ್ತು, ಮನೆಗ್ ಕಳ್ಸ್ದೆ," ಎಂದ. ನಾವು ಮನೆ ತಲುಪುವ ಮೊದಲೇ ಆಕೆ ಬಟ್ಟಲು ಹಿಡಿದು ಬಂದು, ಸಾರು ಆಯಿತಾ ಎಂದು ಅಮ್ಮನನ್ನು ಕೇಳುತ್ತಾ ನಿಂತಿದ್ದಳು.